ಅದೇ ದುಡ್ಡಿಗೆ ಬೆಂಜ್ ಬರ್ತಿತ್ತಲ್ಲ?

ಹೋದ ವರ್ಷ ಹೊಸ ಕಾರಿಗೆ ಪೂಜೆ ಮಾಡಿಸಿ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಮನೆ ಮುಂದೆ ತಂದು ನಿಲ್ಲಿಸಿದಾಗ ಮೊದಲು ನೋಡಲು ಬಂದವರು ನಮ್ಮ ಭಾವ. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಡಿಕ್ಕಿ ತೆಗೆದು ಮುಚ್ಚಿದರು. ಎಷ್ಟಾಯ್ತು ಅಂದರು. ಹೇಳಿದೆ. ಎರಡು ನಿಮಿಷ ಮಾತಿಲ್ಲ. ಆಮೇಲೆ, "ಏನೋ ನೀನು, ಅದೇ ದುಡ್ಡಿಗೆ ಬೆಂಜೇ ಬರ್ತಿತ್ತಲ್ಲೋ!"

ಅವತ್ತಿನಿಂದ ಆಡಿಟರು ಕೇಳಿದ್ದಾರೆ, ಪೀಣ್ಯದಲ್ಲಿ ನಮ್ಮ ಪಕ್ಕದ ಶೆಡ್ಡಿನವರು ಕೇಳಿದ್ದಾರೆ, ಪೆಟ್ರೋಲ್ ಹಾಕುವ ಹುಡುಗನೂ ಒಂದು ಸಲ ಕೇಳಿದ. ಒಬ್ಬೊಬ್ಬರಿಗೂ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಪೂರ್ತಿ ಇಲ್ಲಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸಿಬಿಡಬಹುದು.

ನಾನು ತಗೊಂಡದ್ದು ಟೊಯೋಟಾ ಕ್ಯಾಮ್ರಿ ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಕರೆಂಟ್ ಮೋಟಾರೂ ಇರುವ ಕಾರು. 2024ರ ಡಿಸೆಂಬರಿನಲ್ಲಿ ಹೊಸ ಮಾಡೆಲ್ ಬಂದಾಗ ಶೋರೂಮ್ ಬೆಲೆ 48 ಲಕ್ಷ. ಭಾವ ಹೇಳುವ ಬೆಂಜ್ ಎಂದರೆ ಮರ್ಸಿಡೀಸ್‌ನವರ ಎ-ಕ್ಲಾಸ್ ಲಿಮೊಸಿನ್. 2023ರ ಜೂನ್‌ನಲ್ಲಿ ಅದರ ಪೆಟ್ರೋಲ್ ಮಾಡೆಲಿಗೆ 45.80 ಲಕ್ಷ ಇತ್ತು. ಹೆಸರಿಗೆ ಲಿಮೊಸಿನ್, ಆ ಮನೆಯ ಸೆಡಾನ್‌ಗಳಲ್ಲಿ ಇದೇ ಪುಟ್ಟದು. ಎರಡಕ್ಕೂ ನಮ್ಮ ರಾಜ್ಯದಲ್ಲಿ 18 ಪರ್ಸೆಂಟ್ ಲೈಫ್ ಟೈಮ್ ಟ್ಯಾಕ್ಸು, ಅದರ ಮೇಲೆ ಸೆಸ್ಸು. 48 ಲಕ್ಷಕ್ಕೆ ಬರೀ ಟ್ಯಾಕ್ಸೇ 8.64 ಲಕ್ಷ ಆಗುತ್ತದೆ. ಆ ಚೆಕ್ ಬರೆಯುವಾಗ ಕೈ ನಡುಗಿದ್ದು ನಿಜ. ಉತ್ತರ ಪ್ರದೇಶದಲ್ಲಿ 2024ರಲ್ಲಿ ಇಂಥ ಹೈಬ್ರಿಡ್ ಗಾಡಿಗಳಿಗೆ ಈ ಟ್ಯಾಕ್ಸ್ ಮನ್ನಾ ಮಾಡಿದರು. ಕಾರು ತಯಾರಾಗುವುದು ನಮ್ಮ ಬಿಡದಿಯಲ್ಲಿ, ತಟ್ಟೆ ಇಡ್ಲಿ ಹೋಟೆಲುಗಳಿಂದ ಕೂಗಳತೆಯಲ್ಲಿ. ರಿಯಾಯಿತಿ ಮಾತ್ರ ಲಖನೌದವರಿಗೆ.

ನ್ಯೂಜೆರ್ಸಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗನಿಗೆ ಫೋಟೋ ಕಳಿಸಿದರೆ ಅವನು ನಕ್ಕ. ಅಲ್ಲಿ ಕ್ಯಾಮ್ರಿ ಎಂದರೆ ಸ್ಕೂಲ್ ಟೀಚರು, ನರ್ಸು, ಊಬರ್ ಓಡಿಸುವವರ ಕಾರು. 30 ಸಾವಿರ ಡಾಲರಿನೊಳಗೇ ಶುರುವಾಗುತ್ತದೆ. 2013ರಲ್ಲಿ ಮರ್ಸಿಡೀಸ್‌ನವರು ಸಿಎಲ್ಎ ಅನ್ನುವ ಪುಟ್ಟ ಕಾರನ್ನು ಅಲ್ಲಿ 29,900 ಡಾಲರಿಗೆ ಇಳಿಸಿದಾಗ ಅಲ್ಲಿಯ ಮಧ್ಯಮ ವರ್ಗಕ್ಕೂ ನಮ್ಮ ಭಾವನಿಗೆ ಹತ್ತಿದ ಯೋಚನೆಯೇ ಹತ್ತಿತ್ತಂತೆ: ಹೋಂಡಾ ಅಕಾರ್ಡು, ಕ್ಯಾಮ್ರಿಗೆ ಕೊಡುವ ದುಡ್ಡಿಗೆ ಇನ್ನೊಂದು ಚೂರು ಸೇರಿಸಿದರೆ ಬೆಂಜಿನ ನಕ್ಷತ್ರವೇ ಬರುತ್ತದಲ್ಲ! ಅಲ್ಲಿ ದೊಡ್ಡ ಸಾಮಾನ್ಯ ಕಾರು, ಸಣ್ಣ ಶ್ರೀಮಂತ ಕಾರು ಅಕ್ಕಪಕ್ಕದ ಮನೆಯವು. ನಮ್ಮಲ್ಲಿ ಎರಡಕ್ಕೂ ಬಿಡಿಭಾಗ ಹೊರದೇಶದಿಂದ ಬಂದು, ಒಂದನ್ನು ಬಿಡದಿಯಲ್ಲಿ, ಇನ್ನೊಂದನ್ನು ಪುಣೆ ಹತ್ತಿರದ ಚಾಕಣದಲ್ಲಿ ಜೋಡಿಸಿ, ಮೇಲೆ ತೆರಿಗೆ ಪೇರಿಸುವುದರಿಂದ ಎರಡೂ ಹತ್ತಿರ ಹತ್ತಿರ ಅರ್ಧ ಕೋಟಿಗೆ ಬಂದು ಕೂತಿವೆ.

ಇಷ್ಟು ಹಿನ್ನೆಲೆ. ಈಗ ವಿಷಯ.

ನಾನು ಮೆಷಿನ್ ಶಾಪ್ ನಡೆಸುವವನು. ಯಾವ ವಸ್ತು ಕೈಗೆ ಬಂದರೂ ಇದರಲ್ಲಿ ದುಡ್ಡು ಎಲ್ಲಿ ಖರ್ಚಾಗಿದೆ ಅಂತ ನೋಡುವುದು ರೋಗ. ಎ-ಕ್ಲಾಸಿನ ಪೆಟ್ರೋಲ್ ಇಂಜಿನ್ 1.3 ಲೀಟರಿನದು, ಟರ್ಬೊ, 163 ಪಿಎಸ್ (ಹಾರ್ಸ್‌ಪವರ್ ಇದ್ದ ಹಾಗೆ, ಶಕ್ತಿಯ ಅಳತೆ). ಮರ್ಸಿಡೀಸ್ ಮತ್ತು ರೆನೊ ಕಡೆಯವರು ಸೇರಿ ಮಾಡಿದ ಇಂಜಿನ್ ಅದು. ಇದರ ಒಡಹುಟ್ಟೇ 2020ರಲ್ಲಿ ನಮ್ಮ ರೆನೊ ಡಸ್ಟರ್ ಟರ್ಬೊದಲ್ಲಿ ಬಂದದ್ದು, 156 ಪಿಎಸ್‌ಗೆ. ಭಾವನಿಗೆ ಇದನ್ನು ಹೇಳಿದರೆ ನಂಬಲಿಲ್ಲ. ಹಾಗಂತ ಇಂಜಿನ್ ಕೆಟ್ಟದ್ದಲ್ಲ, ಬಲು ಚುರುಕು. ನಾನು ಹೇಳುವುದು ಇಷ್ಟೇ: ಬೆಂಜಿನಲ್ಲಿ ನೀವು ಕೊಟ್ಟ ದುಡ್ಡು ಬಾನೆಟ್ಟಿನ ಕೆಳಗಿಲ್ಲ, ಕೈಗೆ ಕಣ್ಣಿಗೆ ಸಿಗುವ ಕಡೆ ಇದೆ. ಬಾಗಿಲು ಹಾಕಿದರೆ ಬೀಳುವ ಆ 'ಧಪ್' ಸದ್ದಿನಲ್ಲಿದೆ, ಎಸಿ ಕಿಂಡಿಯ ತಣ್ಣನೆ ಲೋಹದಲ್ಲಿದೆ, ಡ್ಯಾಶ್‌ಬೋರ್ಡಿನ ಉದ್ದಕ್ಕೂ ಹರಡಿದ ಸ್ಕ್ರೀನಿನಲ್ಲಿ, ರಾತ್ರಿ ಒಳಗೆ ಹೊತ್ತುವ 64 ಬಣ್ಣದ ದೀಪದಲ್ಲಿದೆ.

ಕ್ಯಾಮ್ರಿಯ ಡ್ಯಾಶ್‌ಬೋರ್ಡ್ ತಟ್ಟಿದರೆ ಕೆಲವು ಕಡೆ ಪ್ಲಾಸ್ಟಿಕ್ಕೇ. ಇಂಡಿಕೇಟರ್ ಕಡ್ಡಿಯಂತೂ ಇದರ ಅರ್ಧ ಬೆಲೆಯ ಗಾಡಿಗೆ ಹಾಕಿದರೂ ಯಾರೂ ಆಕ್ಷೇಪಿಸರು. ಆದರೆ ಬಾನೆಟ್ ಎತ್ತಿ. 2.5 ಲೀಟರ್ ಇಂಜಿನ್ನು, ಜೊತೆಗೆ ಎರಡು ಮೋಟಾರು, ಹಿಂದಿನ ಸೀಟಿನ ಕೆಳಗೆ ಬ್ಯಾಟರಿ, ಎಲ್ಲ ಸೇರಿ 230 ಪಿಎಸ್. ಇದರಲ್ಲಿ ಮಾಮೂಲಿ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಎರಡೂ ಕೆಲಸ ಆ ಮೋಟಾರುಗಳದ್ದೇ. ಗೇರ್‌ಬಾಕ್ಸ್ ಅಂದರೆ ನಡುವೆ ಒಂದು ಸೂರ್ಯ ಗೇರು, ಸುತ್ತ ತಿರುಗುವ ಮರಿ ಗೇರುಗಳು, ಹೊರಗೊಂದು ಉಂಗುರ. ಇಂಜಿನ್ ಮತ್ತು ಮೋಟಾರುಗಳ ಬಲ ಅಲ್ಲೇ ಕೂಡುತ್ತದೆ, ಅಲ್ಲೇ ಹಂಚಿಹೋಗುತ್ತದೆ. ಸವೆಯಲು ಕ್ಲಚ್ ಪ್ಲೇಟ್ ಇಲ್ಲ. ನನ್ನಂಥವನು ಇದನ್ನು ನೋಡಿದರೆ ಬೇರೆಯವರು ತೇರು ನೋಡಿದ ಹಾಗೆ ನೋಡುತ್ತಾನೆ.

ಇದರ ಲಾಭ ಕಾಣಬೇಕಾದರೆ ಬೆಳಿಗ್ಗೆ ಒಂಬತ್ತೂವರೆಗೆ ಗೊರಗುಂಟೆಪಾಳ್ಯಕ್ಕೆ ಬನ್ನಿ. ಮುಂದೆ ಲಾರಿ, ಪಕ್ಕದಲ್ಲಿ ಬಿಎಂಟಿಸಿ, ಎರಡು ಅಡಿ ಮುಂದಕ್ಕೆ, ಬ್ರೇಕು, ಮತ್ತೆ ಎರಡು ಅಡಿ. ಎ-ಕ್ಲಾಸಿನಲ್ಲಿ ಎರಡು ಕ್ಲಚ್ಚಿನ ಏಳು ಗೇರಿನ ಬಾಕ್ಸ್ ಇದೆ. ರಸ್ತೆ ಖಾಲಿ ಇದ್ದರೆ ಬೆಣ್ಣೆ, ಹೀಗೆ ತೆವಳುವಾಗ ಮಾತ್ರ ಆಗಾಗ ಸಣ್ಣಗೆ ತಳ್ಳಿದಂತಾಗುತ್ತದೆ. ಕ್ಯಾಮ್ರಿಯಲ್ಲಿ ಆ ಅರ್ಧ ಗಂಟೆಯಲ್ಲಿ ಬಹುಪಾಲು ಇಂಜಿನ್ನೇ ಓಡುತ್ತಿರುವುದಿಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿಗೆ ಚೂರು ಕರೆಂಟ್ ವಾಪಸ್ ಹೋಗುತ್ತದೆ, ಮತ್ತೆ ಎರಡು ಅಡಿಗೆ ಅದೇ ಕರೆಂಟ್ ಸಾಕು. ಕಂಪನಿಯವರು ಹೇಳುವ ಮೈಲೇಜ್ ಲೀಟರಿಗೆ 25.49 ಕಿ.ಮೀ. ನನಗೆ ಅಷ್ಟು ಎಂದೂ ಬಂದಿಲ್ಲ, ಊರೊಳಗೆ 18ರ ಆಸುಪಾಸು. ಇಷ್ಟು ದೊಡ್ಡ ಪೆಟ್ರೋಲ್ ಗಾಡಿಗೆ, ಅದೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ, ಹದಿನೆಂಟು!

ಆದರೂ ನಿಜ ಹೇಳಬೇಕೆಂದರೆ ನಾನು ತೀರ್ಮಾನ ಮಾಡಿದ್ದು ಇಂಜಿನ್ ನೋಡಿ ಅಲ್ಲ. ಅಮ್ಮನನ್ನು ಎರಡೂ ಶೋರೂಮಿಗೆ ಕರೆದುಕೊಂಡು ಹೋಗಿದ್ದೆ. ಎಂಬತ್ತು ದಾಟಿದೆ, ಎರಡೂ ಮಂಡಿ ನೋವು. ಮೊದಲು ಎ-ಕ್ಲಾಸ್. ಡ್ರೈವರ್ ಸೀಟನ್ನು ನನ್ನ ಕಾಲಿಗೆ ಸರಿಯಾಗಿ ಹಿಂದೆ ತಳ್ಳಿ, ಅದರ ಹಿಂದೆ ಅಮ್ಮನನ್ನು ಕೂರಿಸಿದೆ. ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಸೇಲ್ಸ್ ಹುಡುಗಿ ಕೈ ಅಡ್ಡ ಹಿಡಿದಳು, ಪಾಪ. ಕೂತ ಮೇಲೆ ಅಮ್ಮನ ಮಂಡಿ ಮುಂದಿನ ಸೀಟಿಗೆ ತಾಗಿತು. "ಇದೇನಪ್ಪಾ, ಬಾವಿಗೆ ಇಳಿದಂಗಿದೆ" ಅಂದರು. ಅಲ್ಲಿಂದ ಟೊಯೋಟಾಗೆ ಹೋದೆವು. ಬಾಗಿಲು ಅಗಲಕ್ಕೆ ತೆರೆಯಿತು, ಕಾಲು ಒಳಗೆ ಎಳೆದುಕೊಳ್ಳಲು ಜಾಗ ಇತ್ತು. ಸೀಟು ಬಟನ್ ಒತ್ತಿದರೆ ಹಿಂದಕ್ಕೆ ಒರಗುತ್ತದೆ. ನಡುವಿನ ಕೈದಿಂಬು ಇಳಿಸಿದರೆ ಎಸಿ ಕಂಟ್ರೋಲು ಅಲ್ಲೇ ಇದೆ, ಡ್ರೈವರನ್ನು ಕೂಗುವ ಹಾಗಿಲ್ಲ. ಐದು ನಿಮಿಷ ಕೂತು ಅಮ್ಮ ಹೇಳಿದ್ದು: "ಇದೂ ಬಾವೀನೇ. ಆದ್ರೆ ಮೆಟ್ಟಿಲಿದೆ."

ಲೆಕ್ಕದಲ್ಲಿ ಹೇಳುವುದಾದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಕ್ಯಾಮ್ರಿಯಲ್ಲಿ 2825 ಮಿ.ಮೀ., ಎ-ಕ್ಲಾಸಿನಲ್ಲಿ 2729. ನಾಲ್ಕು ಇಂಚಿಗೆ ಚೂರು ಕಡಿಮೆ ವ್ಯತ್ಯಾಸ. ಕಾಗದದ ಮೇಲೆ ಏನೂ ಅಲ್ಲ. ಮಂಡಿ ನೋವಿರುವವರಿಗೆ ಆ ನಾಲ್ಕು ಇಂಚೇ ಕಾರು.

ಬೆಂಜ್ ಗೆಲ್ಲುವ ಕಡೆ ಸುಮ್ಮನೆ ಗೆಲ್ಲುವುದಿಲ್ಲ, ಸಲೀಸಾಗಿ ಗೆಲ್ಲುತ್ತದೆ. ನೈಸ್ ರೋಡಿನಲ್ಲಿ ಟೆಸ್ಟ್ ಡ್ರೈವ್ ಮಾಡಿದಾಗ ಆ ಸ್ಟೀರಿಂಗ್ ಕೈಗೆ ಹೇಳುವ ಮಾತೇ ಬೇರೆ. ತಿರುವಿನಲ್ಲಿ ಗಾಡಿ ಪುಟ್ಟದಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್‌ಗಳಲ್ಲಿ ನನ್ನ ಕ್ಯಾಮ್ರಿ ಮದುವೆ ಮನೆಯಲ್ಲಿ ದೊಡ್ಡ ಪಾತ್ರೆ ಎತ್ತಿ ತಿರುಗಿಸಿದ ಹಾಗೆ ತಿರುಗುತ್ತದೆ. ಎಕ್ಸಲರೇಟರ್ ಜೋರಾಗಿ ತುಳಿದರೆ ಇಂಜಿನ್ ಮೊದಲು ಕಿರುಚಿ, ಆಮೇಲೆ ಗಾಡಿ ಓಡುತ್ತದೆ. ನಕ್ಷತ್ರಕ್ಕೆ ಬೆಲೆ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಅರಮನೆ ಮೈದಾನದ ಮದುವೆಗಳಿಗೆ ಹೋಗಿ ನೋಡಿ, ವ್ಯಾಲೆ ಹುಡುಗರು ಯಾವ ಕಾರನ್ನು ಎದುರಿಗೆ ನಿಲ್ಲಿಸುತ್ತಾರೆ, ಯಾವುದನ್ನು ಹಿಂದಿನ ಮಣ್ಣಿಗೆ ಕಳಿಸುತ್ತಾರೆ ಅಂತ. ನನ್ನದು ಮಣ್ಣಿಗೆ ಹೋಗುತ್ತದೆ. ಒಬ್ಬ ಸೆಕ್ಯುರಿಟಿಯವನು "ಇದು ಇನೋವಾ ಮಾಡೋ ಕಂಪನೀದಾ ಸಾರ್?" ಅಂದ. ಹೌದಪ್ಪ, ಅವರದೇ.

ಖರ್ಚಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗೆಳೆಯನೊಬ್ಬನ ಜರ್ಮನ್ ಕಾರಿನ ಟೈರು ಮಳೆಗಾಲದ ಒಂದು ಗುಂಡಿಗೆ ಬಿದ್ದು ಪಕ್ಕದಲ್ಲಿ ಉಬ್ಬಿತು. ಅದು ರನ್‌ಫ್ಲಾಟ್, ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು, ಹಾಗಾಗಿ ಸ್ಟೆಪ್ನಿ ಇರಲಿಲ್ಲ, ಅದೇ ಸೈಜಿನ ಟೈರು ಊರಲ್ಲಿ ಸಿಗಲು ನಾಲ್ಕು ದಿನ. ಆ ನಾಲ್ಕು ದಿನ ಅವನು ನನ್ನ ಶೆಡ್ಡಿನ ಹಳೇ ಟೆಂಪೋದಲ್ಲಿ ಓಡಾಡಿದ. ಹೈಬ್ರಿಡ್ ಅಂದ ಕೂಡಲೇ "ಬ್ಯಾಟರಿ ಹೋದ್ರೆ?" ಅನ್ನುವವರಿಗೆ: 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. ಅಷ್ಟರಲ್ಲಿ ನನ್ನ ಬ್ಯಾಟರಿ ಹೋಗದಿದ್ದರೆ ಸಾಕು. "ಅದೇ ದುಡ್ಡಿಗೆ ಫಾರ್ಚೂನರ್ ಬರ್ತಿತ್ತಲ್ಲ" ಅನ್ನುವವರದು ಬೇರೆ ಪಂಗಡ, ಅವರ ಜೊತೆ ನಾನು ವಾದ ಮಾಡುವುದಿಲ್ಲ.

ಒಂದು ಹೊಟ್ಟೆಕಿಚ್ಚು ಮಾತ್ರ ಹೇಳಿಬಿಡುತ್ತೇನೆ. ನಾನು ತಗೊಂಡಾಗ ಸೆಸ್ಸು ಸೇರಿ ಈ ಹೈಬ್ರಿಡ್‌ಗೆ 43 ಪರ್ಸೆಂಟ್ ಜಿಎಸ್‌ಟಿ, ಆ ಸಣ್ಣ ಇಂಜಿನ್ ಬೆಂಜಿಗೆ 45. ಹೈಬ್ರಿಡ್ ಎಂಬ ಪುಣ್ಯಕ್ಕೆ ಎರಡು ಪರ್ಸೆಂಟ್ ಉಳಿಯಿತು ಅಂತ ಬೀಗುತ್ತಿದ್ದೆ. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಒಂದೇ, 40. ಆರು ತಿಂಗಳು ಕಾಯ್ದಿದ್ದರೆ!

ಹೋದ ತಿಂಗಳು ನಮ್ಮಕ್ಕನ ಮಗಳೂ ಇದೇ ಪ್ರಶ್ನೆ ಕೇಳಿದಳು. ವೈಟ್‌ಫೀಲ್ಡಿನಲ್ಲಿ ಕೆಲಸ, ಒಬ್ಬಳೇ ಓಡಿಸುತ್ತಾಳೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ಪಾರ್ಕಿಂಗು. "ಹಿಂದಿನ ಸೀಟಲ್ಲಿ ಯಾರು ಕೂರ್ತಾರಮ್ಮ?" ಅಂದೆ. "ನನ್ನ ಲ್ಯಾಪ್‌ಟಾಪ್ ಬ್ಯಾಗು, ಮಾವ." ಹಾಗಾದರೆ ಬೆಂಜ್ ಜಾತಿಯದನ್ನೇ ತಗೋ ಅಂದೆ. ಅವಳಿಗೆ ಕ್ಯಾಮ್ರಿ ಹೇಳಿದ್ದರೆ ಅದು ಮಾವನ ಹಟ ಆಗುತ್ತಿತ್ತು. ಹೊಸ ಬಿಎಂಡಬ್ಲ್ಯು 2 ಸೀರೀಸ್ ಗ್ರಾನ್ ಕೂಪೆಯನ್ನೂ ಓಡಿಸಿ ನೋಡು ಅಂದಿದ್ದೇನೆ. ಅದರಲ್ಲಿ ಮೂರೇ ಸಿಲಿಂಡರ್, 46.90 ಲಕ್ಷಕ್ಕೆ ಬಂತು, ಅದನ್ನು ಕೇಳಿ ಮಾತ್ರ ಭಾವ ಬೆಚ್ಚಿಬಿದ್ದರು.

ಈಗ ನನ್ನ ಕಡೆಯ ತಪ್ಪು. ರಾಜಾಜಿನಗರದ ನಮ್ಮ ಮನೆ ಪೋರ್ಟಿಕೋ ಗೋಡೆಯಿಂದ ಗೇಟಿಗೆ ಸರಿಯಾಗಿ ಹದಿನಾರು ಅಡಿ. ದಿನವಿಡೀ ವರ್ನಿಯರ್ ಹಿಡಿದು ಮೈಕ್ರಾನ್ ಲೆಕ್ಕ ಹಾಕುವ ನಾನು ಇದನ್ನು ಅಳೆದಿರಲಿಲ್ಲ. ಕ್ಯಾಮ್ರಿ ಉದ್ದ 4920 ಮಿ.ಮೀ., ಹದಿನಾರು ಅಡಿಗೆ ಒಂದೂಮುಕ್ಕಾಲು ಇಂಚು ಜಾಸ್ತಿ. ಮುಂದಿನ ಬಂಪರ್ ಗೋಡೆಗೆ ಮುತ್ತಿಡುವಷ್ಟು ಒಳಗೆ ಹಾಕಿದರೂ ಗೇಟು ಮುಚ್ಚಲಿಲ್ಲ. ಗೋಡೆ ಕಡೆ ತುಳಸಿ ಕಟ್ಟೆ ಇದೆ, ಅದನ್ನು ಸರಿಸುವ ಮಾತೇ ಇಲ್ಲ ಅಂದರು ಅಮ್ಮ. ಕೊನೆಗೆ ಶೆಡ್ಡಿನ ಹುಡುಗರನ್ನೇ ಕರೆಸಿ ಕಾಂಪೌಂಡಿನ ಹೊರಮೈಗೆ ಸ್ಲೈಡಿಂಗ್ ಗೇಟ್ ಮಾಡಿಸಿದೆ. ಎ-ಕ್ಲಾಸ್ 4549 ಮಿ.ಮೀ., ಹಳೇ ಗೇಟಿನೊಳಗೆ ಆರಾಮಾಗಿ ಕೂರುತ್ತಿತ್ತು.

ಹಳೇ ಗೇಟಿಗೆ ತುಕ್ಕು ಹಿಡಿದಿತ್ತು ಅಂತ ಭಾವನಿಗೆ ಹೇಳಿದ್ದೇನೆ.