ಹೆರಿಟೇಜ್ ಮೀಟಿಂಗಿಗೆ ವಾರ್ಡ್ ಇಂಜಿನಿಯರ್‌ನ ಮೊದಲು ಕರೀರಿ

ನಾನು ಕೆಲಸ ಮಾಡೋದು ಅಹಮದಾಬಾದಿನ ಹಳೇ ಊರಲ್ಲಿ, ಕನ್ಸರ್ವೇಶನ್ ಆರ್ಕಿಟೆಕ್ಟ್ ಆಗಿ. ಅಲ್ಲಿನ ಕೇರಿಗಳಿಗೆ ಪೋಳ್ ಅಂತಾರೆ. ಒಳಗೆ ಹೋಗೋಕೆ ಒಂದು ದೊಡ್ಡ ಬಾಗಿಲು, ಇಕ್ಕಟ್ಟು ಓಣಿ, ಗೋಡೆಗೆ ಗೋಡೆ ಅಂಟಿಕೊಂಡಿರೋ ಮರದ ಕೆತ್ತನೆ ಮನೆಗಳು, ಮಧ್ಯೆ ಹಕ್ಕಿಗಳಿಗೆ ಕಾಳು ಹಾಕೋ ಚಬೂತರೊ. 2017ರಲ್ಲಿ ಯುನೆಸ್ಕೋ ಈ ಹಳೇ ಊರನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಒಂದು ನಗರಕ್ಕೆ ಆ ಪಟ್ಟ ಸಿಕ್ಕಿದ್ದು ಭಾರತದಲ್ಲಿ ಇದೇ ಮೊದಲು. ಊರಿಂದ ಫೋನ್ ಮಾಡೋರೆಲ್ಲ "ಹಂಗಾದ್ರೆ ಟೂರಿಸ್ಟ್‌ಗಳು ಜಾಸ್ತಿನಾ?" ಅಂತ ಕೇಳ್ತಾರೆ. ಟೂರಿಸಂ ಇಲ್ಲಿ ಕೊನೇ ಐಟಂ ಮಾರಾಯ್ರೆ.

ಒಂದು ಮನೆ ವಿಷ್ಯ ಹೇಳ್ತೀನಿ. ಓಟ್ಲೊ ಅಂದ್ರೆ ನಮ್ ಕಡೆ ಜಗುಲಿ, ಅದರ ಮೇಲಿನ ಕೆತ್ತನೆ ಕಂಬದ ಬುಡ ಪೂರ್ತಿ ಲಡ್ಡಾಗಿತ್ತು, ಬೆರಳಲ್ಲಿ ಒತ್ತಿದ್ರೆ ಪುಡಿ ಉದುರೋದು. ಕಂಬ ಬದಲಾಯಿಸೋಕೆ ಬಡಗಿ ಇದಾನೆ, ತೇಗ ಇದೆ, ದುಡ್ಡಿಗೂ ದಾರಿ ಇದೆ. ಅದು ಟಿಡಿಆರ್ (ಕಟ್ಟೋ ಹಕ್ಕಿನ ವರ್ಗಾವಣೆ): ಹೆರಿಟೇಜ್ ಮನೆ ಓನರ್ ತಾನು ಕಟ್ಟದೇ ಬಿಟ್ಟ ಕಟ್ಟಡದ ಹಕ್ಕನ್ನ ಹೊಸ ಏರಿಯಾದ ಬಿಲ್ಡರ್‌ಗೆ ಮಾರಬಹುದು. ಆದ್ರೆ ಓನರ್ ಯಾರು? ಅಜ್ಜನ ಹೆಸರಲ್ಲಿರೋ ಮನೆ, ವಾರಸುದಾರರು ಒಬ್ಬರು ವಡೋದರಾದಲ್ಲಿ ಇನ್ನೊಬ್ಬರು ಅಮೆರಿಕದಲ್ಲಿ, ಒಬ್ಬರ ಮುಖ ಇನ್ನೊಬ್ಬರು ನೋಡಲ್ಲ, ಮನೇಲಿ ಇರೋದು ಮಾತ್ರ ಹಳೇ ಬಾಡಿಗೆಯ ಒಬ್ಬ ಅಜ್ಜಿ. ಮೀಟಿಂಗಲ್ಲಿ ಕಾರ್ಪೊರೇಷನ್ನವರು, ಟ್ರಸ್ಟ್‌ನವರು, ಹೋಮ್‌ಸ್ಟೇ ಮಾಡೋ ಆಸೆಯವರು ಎಲ್ರೂ ಇದ್ರು, ಅಜ್ಜಿಗೆ ಮಾತ್ರ ಕುರ್ಚಿ ಇರಲಿಲ್ಲ.

ಆಮೇಲೆ ಅದೇ ಓಟ್ಲೊ ಮೇಲೆ ಕೂತು ಮಾತಾಡಿದಾಗ ಬಾ (ಅಲ್ಲಿ ಅಜ್ಜಿಗೆ ಹಂಗೇ ಅನ್ನೋದು) ಮೇಲಕ್ಕೆ ಕೈ ತೋರಿಸಿದ್ರು. ಪಕ್ಕದ ಮನೆ ಬಚ್ಚಲ ಪೈಪು, ಜಾಯಿಂಟ್ ಬಿಟ್ಟು ಸೀದಾ ಕಂಬದ ಬುಡಕ್ಕೆ ತೊಟ್ಟಿಕ್ತಾ ಇತ್ತು. ಆ ಮನೆ ಹೆರಿಟೇಜ್ ಲಿಸ್ಟಲ್ಲೇ ಇಲ್ಲ, ಹಾಗಾಗಿ ಯಾವ ಹೆರಿಟೇಜ್ ದುಡ್ಡೂ ಅದಕ್ಕೆ ಬರಲ್ಲ. ಕೊನೆಗೆ ವಾರ್ಡ್ ಇಂಜಿನಿಯರ್ ಓಣಿಯ ಗಟಾರದ ಕೆಲಸದ ಜೊತೆಗೇ ಪೈಪನ್ನೂ ತಿರುಗಿಸಿಕೊಟ್ರು, ಪಕ್ಕದ ಮನೆಯವ್ರನ್ನ ಒಪ್ಪಿಸಿದ್ದು ಬಾ. ಒಪ್ಪಂದದ ಕಾಗದ, ಅಂದ್ರೆ ಎಮ್‌ಒಯು‌ನಲ್ಲಿ ಇವರಿಬ್ಬರ ಹೆಸರೂ ಇರಲಿಲ್ಲ ನೋಡಿ!

ಅಲ್ಲಿರೋ ಜನರನ್ನ ಬಿಟ್ಟು ಇಲ್ಲಿ ಏನೂ ನಡೆಯಲ್ಲ ಅನ್ನೋದು ಹೊಸ ಜ್ಞಾನ ಏನಲ್ಲ. 1997ರಲ್ಲಿ ಕಾರ್ಪೊರೇಷನ್ ಇಲ್ಲಿ ಹೆರಿಟೇಜ್ ವಾಕ್ ಶುರು ಮಾಡಿದಾಗ ಯುನೆಸ್ಕೋ ಪಟ್ಟಕ್ಕೆ ಇನ್ನೂ ಇಪ್ಪತ್ತು ವರ್ಷ ಇತ್ತು. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿವರೆಗೆ ಬೆಳಿಗ್ಗೆ ಹೊತ್ತು ನಡ್ಕೊಂಡು ಹೋಗೋದು, ಅಷ್ಟೇ. ಜನ ಪಾತ್ರೆ ತೊಳೀತಾ, ಪೇಪರ್ ಓದ್ತಾ ಇರೋ ಓಣಿಗಳು ಅವು, ಅವರು ಬೇಡ ಅಂದಿದ್ರೆ ವಾಕ್ ನಡೀತಿತ್ತಾ? ಮಾಣೆಕ್ ಚೌಕ್ ಇನ್ನೂ ಮಜಾ, ಹಗಲು ಚಿನ್ನದ ವ್ಯಾಪಾರ, ಅಂಗಡಿ ಬಾಗಿಲು ಹಾಕಿದ ಮೇಲೆ ಅದೇ ಜಾಗದಲ್ಲಿ ರಾತ್ರಿಯೆಲ್ಲಾ ತಿಂಡಿ ಗಾಡಿಗಳು, ಯಾವ ಕನ್ಸಲ್ಟೆಂಟೂ ಕೂತು ಪ್ಲಾನ್ ಹಾಕಿಕೊಟ್ಟಿದ್ದಲ್ಲ.

ಈಗ ನಾನು ಯಾವ ಪೋಳ್‌ಗೆ ಹೋದ್ರೂ ನೀರು ಎಲ್ಲಿಂದ ಸೋರುತ್ತೆ, ಅಲ್ಲಿ ಮಲಗೋರು ಯಾರು, ಸಹಿ ಯಾರದು, ಈ ಮೂರು ಗೊತ್ತಾಗೋವರೆಗೂ ಡ್ರಾಯಿಂಗ್ ಶುರು ಮಾಡಲ್ಲ. ಬಾ ಮನೆ ಕಂಬ ಮುಗಿದಿದೆ. ಮಾಡಿಗೆ ಮಾತ್ರ ಅಮೆರಿಕದವರ ಸಹಿ ಬರಬೇಕು, ಅದಕ್ಕೆ ಈ ಮಳೆಗಾಲಕ್ಕೂ ಟಾರ್ಪಾಲೇ ಗತಿ.