ಚಗಳಿ ಇರುವೆ ಮತ್ತು ಕಂಠೀರಾಯಿ ಹಣ: ಫೋಕಸ್ ಸ್ಟ್ಯಾಕಿಂಗ್ ತಂತ್ರಾಂಶದ ಆಯ್ಕೆ ಎಲ್ಲಿಗೆ ಬಂತು

ಸಣ್ಣ ವಸ್ತುವಿನ ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿ ತೆಗೆದ ಹಲವು ಫ್ರೇಮುಗಳನ್ನು (ಅವುಗಳ ಗುಂಪೇ ಸ್ಟ್ಯಾಕ್) ಬೆಸೆದು ಪೂರ್ತಿ ಸ್ಪಷ್ಟವಾದ ಒಂದೇ ಚಿತ್ರ ಮಾಡುವುದು ಫೋಕಸ್ ಸ್ಟ್ಯಾಕಿಂಗ್. ಕ್ಯಾಮೆರಾ, ಅದನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಸರಿಸುವ ರೈಲ್, ಬೆಳಕು ಮೂರೂ ಹೊಂದಿಕೊಂಡಿವೆ. ತೀರ್ಮಾನವಾಗಬೇಕಿದ್ದದ್ದು ಚಿತ್ರಗಳನ್ನು ಬೆಸೆಯುವ ತಂತ್ರಾಂಶ. ಪರೀಕ್ಷೆಗೆಂದು ಸ್ವಭಾವದಲ್ಲಿ ತದ್ವಿರುದ್ಧವಾದ ಎರಡು ವಸ್ತುಗಳನ್ನು ಇಟ್ಟುಕೊಂಡಿದ್ದೇವೆ. ಒಂದು, ಒಣಗಿದ ಚಗಳಿ ಇರುವೆ: ಸಣ್ಣ ಕೂದಲು, ಒಂದರ ಮುಂದೊಂದು ಅಡ್ಡ ಹಾಯುವ ಕಾಲು ಮತ್ತು ಮೀಸೆ, ಬೆಳಕು ಅರೆಬರೆ ತೂರುವ ಮೈ. ಇನ್ನೊಂದು, ಕಂಠೀರವ ನರಸರಾಜ ಒಡೆಯರ (1638–1659) ಕಾಲದ ಚಿನ್ನದ ನಾಣ್ಯ, ಕಂಠೀರಾಯಿ ಹಣ. ಅಗಲ ಸುಮಾರು ಅರ್ಧ ಸೆಂಟಿಮೀಟರ್, ಮೇಲೆ ನರಸಿಂಹನ ಉಬ್ಬು, ಎಲ್ಲೆಲ್ಲೂ ಹೊಳಪು. ಇವೆರಡನ್ನೂ ಒಂದೇ ವಿಧಾನ ಚೆನ್ನಾಗಿ ಬೆಸೆಯಲಾರದು. ಆಯ್ಕೆಯ ತೊಡಕೆಲ್ಲ ಅಲ್ಲಿಯೇ ಇದೆ.

ಮೊದಲು ಲೆಕ್ಕ. ಎಪಿಎಸ್-ಸಿ ಸೆನ್ಸರ್, 24 ಮೆಗಾಪಿಕ್ಸೆಲ್, 2 ಪಟ್ಟು ವರ್ಧನೆ, ಎಫ್/4. ಈ ವರ್ಧನೆಯಲ್ಲಿ ನಿಜವಾದ ಅಪರ್ಚರ್ 4 × (1+2), ಅಂದರೆ ಎಫ್/12. ಕೆಲವು ಮ್ಯಾಕ್ರೋ ಲೆನ್ಸ್‌ಗಳಲ್ಲಿ ಕ್ಯಾಮೆರಾ ಈ ಬದಲಾದ ಅಂಕಿಯನ್ನೇ ತೋರಿಸುತ್ತದೆ, ಅಂಥಲ್ಲಿ ಮತ್ತೊಮ್ಮೆ ಗುಣಿಸಬಾರದು. ಹಸಿರು ಬೆಳಕಿಗೆ ಒಂದು ಫ್ರೇಮಿನಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 0.08 ಮಿ.ಮೀ. ಪಕ್ಕಪಕ್ಕದ ಫ್ರೇಮುಗಳ ಸ್ಪಷ್ಟ ಆಳ ನಾಲ್ಕನೇ ಒಂದು ಭಾಗದಷ್ಟು ಒಂದರ ಮೇಲೊಂದು ಬರಲೆಂದು ರೈಲಿನ ಹೆಜ್ಜೆಯನ್ನು 0.06 ಮಿ.ಮೀ.ಗೆ ಇಟ್ಟರೆ, 5 ಮಿ.ಮೀ. ಆಳದ ಇರುವೆಗೆ 85ರಷ್ಟು ಫ್ರೇಮ್, ನಾಣ್ಯಕ್ಕೆ 20 ಸಾಕು. ಹೆಜ್ಜೆ ದೊಡ್ಡದಾದರೆ ಮೈಮೇಲೆ ಸ್ಪಷ್ಟ–ಮಸುಕು–ಸ್ಪಷ್ಟ ಎಂದು ಪಟ್ಟೆಗಳು ಮೂಡುತ್ತವೆ. ಅದನ್ನು ಯಾವ ತಂತ್ರಾಂಶವೂ ಅಳಿಸಲಾರದು, ಏಕೆಂದರೆ ಆ ವಿವರ ಯಾವ ಫ್ರೇಮಿನಲ್ಲೂ ಇಲ್ಲ.

ಬೆಸೆಯಲು ಕೊಡುವ 16-ಬಿಟ್ ಟಿಫ್ ಕಡತ ಒಂದಕ್ಕೆ 144 ಎಂಬಿ ಬೀಳುತ್ತದೆ. ಇರುವೆಯ ಒಂದೇ ಸ್ಟ್ಯಾಕ್ 12 ಜಿಬಿ ದಾಟುತ್ತದೆ, ಆದ್ದರಿಂದ ಎಸ್‌ಎಸ್‌ಡಿಯಲ್ಲಿ ಜಾಗ ಮಾಡಿಕೊಂಡೇ ಶುರು ಮಾಡಬೇಕು. ಕ್ಯಾಮೆರಾ ಕೊಡುವ ಕಚ್ಚಾ (ರಾ) ಕಡತಗಳನ್ನು ಟಿಫ್ ಮಾಡುವಾಗ ಎಲ್ಲಕ್ಕೂ ಒಂದೇ ವೈಟ್ ಬ್ಯಾಲೆನ್ಸ್ ಕೊಡಿ, ಶಾರ್ಪನಿಂಗ್ ಸೊನ್ನೆಗೆ ಇಳಿಸಿ. ಬೆಸೆಯುವ ಗಣಿತ ಅಂಚುಗಳನ್ನೇ ಹುಡುಕುತ್ತದೆ. ಶಾರ್ಪನಿಂಗ್ ಹುಟ್ಟಿಸಿದ ಸುಳ್ಳು ಅಂಚನ್ನೂ ನಿಜವೆಂದೇ ಎತ್ತಿಕೊಳ್ಳುತ್ತದೆ.

ಬೆಸೆಯುವ ತಂತ್ರಾಂಶವಾದ ಜೆರೀನ್ ಸ್ಟ್ಯಾಕರ್‌ನಲ್ಲಿ ಪಿಮ್ಯಾಕ್ಸ್ ಮತ್ತು ಡಿಮ್ಯಾಪ್ ಎಂಬ ಎರಡು ವಿಧಾನಗಳಿವೆ. ಅಂಥದ್ದೇ ಇನ್ನೊಂದಾದ ಹೆಲಿಕಾನ್ ಫೋಕಸ್‌ನಲ್ಲಿ ಎ, ಬಿ, ಸಿ ಎಂದು ಮೂರು. ಹೆಲಿಕಾನಿನ ಸಿ ಮತ್ತು ಜೆರೀನಿನ ಪಿಮ್ಯಾಕ್ಸ್ ಎರಡೂ ಪಿರಮಿಡ್ ಜಾತಿಯವು, ಅಂದರೆ ಚಿತ್ರವನ್ನು ಒರಟು ವಿವರದಿಂದ ಸಣ್ಣ ವಿವರದವರೆಗೆ ಪದರಗಳಾಗಿ ಬಿಡಿಸಿ, ಪ್ರತಿ ಪದರದಲ್ಲೂ ಹೆಚ್ಚು ಸ್ಪಷ್ಟವಾದದ್ದನ್ನು ಎತ್ತಿಕೊಳ್ಳುವಂಥವು. ಬಿ ಮತ್ತು ಡಿಮ್ಯಾಪ್ ಯಾವ ಜಾಗ ಯಾವ ಫ್ರೇಮಿನಲ್ಲಿ ಸ್ಪಷ್ಟವಿದೆ ಎಂದು ಆಳದ ನಕ್ಷೆ ಕಟ್ಟುವಂಥವು. ಎ ಮಾತ್ರ ಪ್ರತಿ ಪಿಕ್ಸೆಲ್ಲಿಗೂ ತೂಕ ಹಾಕಿ ಸರಾಸರಿ ತೆಗೆಯುತ್ತದೆ, ಚಿಕ್ಕ ಸ್ಟ್ಯಾಕಿಗೆ ಒಳ್ಳೆಯದು.

ಇರುವೆಯ ಕೂದಲು, ಕಾಲು, ಮೀಸೆಗೆ ಪಿರಮಿಡ್ಡೇ ಬೇಕು. ಮೀಸೆಯೊಂದು ಕಣ್ಣಿನ ಮುಂದೆ ಹಾದಾಗ ಅಲ್ಲಿ ಆಳ ಥಟ್ಟನೆ ಜಿಗಿಯುತ್ತದೆ. ಡಿಮ್ಯಾಪ್ ಆ ಜಿಗಿತವನ್ನು ನಯಮಾಡಲು ಹೋಗಿ ಮೀಸೆಯ ಎರಡೂ ಬದಿ ಮಸುಕು ಅಂಚು ಬಿಡುತ್ತದೆ, ಕೂದಲನ್ನು ನುಂಗಿಹಾಕುತ್ತದೆ. ಪಿಮ್ಯಾಕ್ಸ್ ಕೂದಲನ್ನು ಉಳಿಸುತ್ತದೆ. ಅದರ ಬೆಲೆ ಬೇರೆ: ಕಾಂಟ್ರಾಸ್ಟ್ ಏರುತ್ತದೆ, ಬಣ್ಣ ಸ್ವಲ್ಪ ಕದಲುತ್ತದೆ, ಪ್ರತಿ ಫ್ರೇಮಿನ ನಾಯ್ಸ್ ಕೂಡಿಕೊಳ್ಳುತ್ತಾ ಹೋಗುತ್ತದೆ. 20 ಫ್ರೇಮಿನಲ್ಲಿ ಕಾಣದ ಕಾಳುಕಾಳು 85ರಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಐಎಸ್‌ಒ 100ಕ್ಕಿಂತ ಮೇಲೆ ಹೋಗಬೇಡಿ.

ನಾಣ್ಯದಲ್ಲಿ ಇದೆಲ್ಲ ತಲೆಕೆಳಗು. ಚಿನ್ನದ ಮೇಲಿನ ಹೊಳಪಿನ ಚುಕ್ಕೆ ಫೋಕಸ್ ತಪ್ಪಿದಾಗ ಬಿಳಿ ಬಿಲ್ಲೆಯಾಗಿ ಹರಡುತ್ತದೆ, ಅದರ ಅಂಚು ಚೂಪಾಗಿರುತ್ತದೆ. ಪಿಮ್ಯಾಕ್ಸ್ ಆ ಅಂಚನ್ನೇ ವಿವರವೆಂದು ಹಿಡಿದು ಉಬ್ಬಿನ ಸುತ್ತ ಬಳೆಗಳನ್ನು ಬರೆಯುತ್ತದೆ. ಡಿಮ್ಯಾಪ್ ಚಿನ್ನದ ಬಣ್ಣವನ್ನು ಇದ್ದಂತೆಯೇ ಕೊಡುತ್ತದೆ. ಎಸ್ಟಿಮೇಶನ್ ರೇಡಿಯಸ್ (ಸ್ಪಷ್ಟತೆ ಅಳೆಯಲು ಸುತ್ತ ನೋಡುವ ಅಗಲ) 10, ಸ್ಮೂದಿಂಗ್ ರೇಡಿಯಸ್ 5 ಇಟ್ಟು ಶುರು ಮಾಡಿ. ಕಾಂಟ್ರಾಸ್ಟ್ ತ್ರೆಶೋಲ್ಡ್ ಸ್ಲೈಡರನ್ನು ಮುನ್ನೋಟ ನೋಡುತ್ತಲೇ ಸರಿಸಬೇಕು: ವಿವರವಿಲ್ಲದ ಹಿನ್ನೆಲೆ ಕಪ್ಪಾಗಬೇಕು, ನಾಣ್ಯದ ಮೈ ಕಪ್ಪಾಗಬಾರದು. ಹಿನ್ನೆಲೆ ಕಪ್ಪಾಗದಿದ್ದರೆ ಫಲಿತಾಂಶದಲ್ಲಿ ಅಲ್ಲಿ ಮಚ್ಚೆ ಮಚ್ಚೆ ಕಲೆ ಉಳಿಯುತ್ತದೆ. ಫ್ರೇಮುಗಳು ಆಳದ ಕ್ರಮದಲ್ಲೇ ಇರಬೇಕೆಂಬ ಷರತ್ತು ಡಿಮ್ಯಾಪಿಗೂ ಹೆಲಿಕಾನ್ ಬಿಗೂ ಇದೆ. ನಡುವೆ ಒಂದು ಫ್ರೇಮನ್ನು ಮತ್ತೆ ತೆಗೆದಿದ್ದರೆ ಕಡತದ ಹೆಸರನ್ನು ಆ ಜಾಗಕ್ಕೆ ಸರಿಹೊಂದಿಸಿ.

ಜೆರೀನ್ ಕಡೆಗೆ ನಮ್ಮ ಮನಸ್ಸು ವಾಲಿದ್ದು ರಿಟಚಿಂಗ್ ಬ್ರಷ್‌ನಿಂದ. ಇರುವೆಯ ಸ್ಟ್ಯಾಕನ್ನು ಎರಡೂ ವಿಧಾನದಲ್ಲಿ ಬೆಸೆದು, ಡಿಮ್ಯಾಪ್ ಚಿತ್ರವನ್ನು ತಳಪಾಯವಾಗಿಟ್ಟು, ಕೂದಲು ಮತ್ತು ಅಡ್ಡ ಹಾದ ಕಾಲುಗಳನ್ನು ಮಾತ್ರ ಪಿಮ್ಯಾಕ್ಸ್‌ನಿಂದ ಬಳಿದುಕೊಳ್ಳುತ್ತೇವೆ. ಕಾಲಿನ ಹಿಂದೆ ಮರೆಯಾದ ಜಾಗಕ್ಕೆ ಮೂಲ ಫ್ರೇಮಿನಿಂದಲೇ ಬಳಿಯಬೇಕಾಗುತ್ತದೆ. 85ರಲ್ಲಿ ಸರಿಯಾದದ್ದನ್ನು ಹುಡುಕುವುದು ಬೇಸರದ ಕೆಲಸ. ಅದಕ್ಕೆ ಹತ್ತತ್ತು ಫ್ರೇಮುಗಳ ಕಂತೆ ಮಾಡಿ, ಪಕ್ಕದ ಕಂತೆಗಳ ನಡುವೆ ಮೂರು ಫ್ರೇಮ್ ಸಮಾನವಾಗಿಟ್ಟು, ಪ್ರತಿ ಕಂತೆಯನ್ನೂ ಪಿಮ್ಯಾಕ್ಸ್‌ನಲ್ಲಿ ಬೆಸೆದರೆ 12 ಚಿತ್ರ ಸಿಗುತ್ತವೆ. ಬ್ರಷ್‌ಗೆ ಮೂಲವಾಗಿ ಇವು ಬಿಡಿ ಫ್ರೇಮಿಗಿಂತ ಬಹಳ ಅನುಕೂಲ. ಕಂತೆ ಮಾಡುವ ಮುನ್ನ ಇಡೀ ಸ್ಟ್ಯಾಕನ್ನು ಒಟ್ಟಿಗೆ ಅಲೈನ್ ಮಾಡಿಕೊಳ್ಳಿ (ಫ್ರೇಮುಗಳು ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಹೊಂದಿಸಿಕೊಳ್ಳಿ), ಇಲ್ಲವಾದರೆ ಕಂತೆಗಳ ಗಾತ್ರ ಒಂದಕ್ಕೊಂದು ಕೂಡುವುದಿಲ್ಲ. ಹೆಲಿಕಾನ್‌ನಲ್ಲೂ ಬ್ರಷ್ ಇದೆ. ಬಹಳಷ್ಟು ನಾಣ್ಯಗಳನ್ನು ಒಂದರ ಹಿಂದೊಂದು ಮುಗಿಸಬೇಕಾದವರಿಗೆ ಅದನ್ನೇ ಹೇಳುತ್ತೇವೆ. ರೇಡಿಯಸ್ 8, ಸ್ಮೂದಿಂಗ್ 4ರಲ್ಲಿ ಬಿ ವಿಧಾನ ನಾಣ್ಯಕ್ಕೆ ಹಿಡಿಸುತ್ತದೆ. ಕೊಳ್ಳುವಾಗ ಆವೃತ್ತಿಯಲ್ಲಿ ರಿಟಚಿಂಗ್ ಸೇರಿದೆಯೇ ಎಂದು ನೋಡಿ, ಅದಿಲ್ಲದೆ ದುಡ್ಡು ಕೊಡುವುದು ದಂಡ.

ಫೋಟೋಶಾಪಿನ ಆಟೋ-ಬ್ಲೆಂಡ್ ಹತ್ತಿಪ್ಪತ್ತು ಫ್ರೇಮಿನ ಸರಳ ವಸ್ತುವಿಗೆ ಸಾಕು. ರೇಡಿಯಸ್ ಬದಲಿಸಲು ದಾರಿಯಿಲ್ಲದ್ದರಿಂದ ಇರುವೆಗೆ ಬೇಡ.

ಖರ್ಚಿಲ್ಲದ ದಾರಿಯೂ ಇದೆ, ನಾಣ್ಯಕ್ಕೆ ಅದು ಧಾರಾಳವಾಗಿ ಸಾಲುತ್ತದೆ. ಹಗಿನ್ ಎಂಬ ಉಚಿತ ಪನೋರಮಾ ತಂತ್ರಾಂಶದ ಜೊತೆ ಬರುವ ಅಲೈನ್-ಇಮೇಜ್-ಸ್ಟ್ಯಾಕ್‌ನಲ್ಲಿ 'ಎಂ' ಆಯ್ಕೆ ಹಾಕಲೇಬೇಕು. ಫ್ರೇಮಿನಿಂದ ಫ್ರೇಮಿಗೆ ಬದಲಾಗುವ ಗಾತ್ರವನ್ನು ಸರಿದೂಗಿಸುವುದು ಅದೇ. ಆಮೇಲೆ ಫ್ರೇಮುಗಳನ್ನು ಬೆಸೆಯುವ ಎನ್‌ಫ್ಯೂಸ್‌ನಲ್ಲಿ ಎಕ್ಸ್‌ಪೋಷರ್ ಮತ್ತು ಸ್ಯಾಚುರೇಶನ್ ತೂಕ 0, ಕಾಂಟ್ರಾಸ್ಟ್ ತೂಕ 1, ಜೊತೆಗೆ ಹಾರ್ಡ್-ಮಾಸ್ಕ್ (ಪ್ರತಿ ಜಾಗಕ್ಕೂ ಅತಿ ಸ್ಪಷ್ಟವಾದ ಒಂದೇ ಫ್ರೇಮನ್ನು ಎತ್ತುವ ಆಯ್ಕೆ). ಹಾರ್ಡ್-ಮಾಸ್ಕ್ ಮರೆತರೆ ಸ್ಪಷ್ಟ ಮತ್ತು ಮಸುಕು ಫ್ರೇಮುಗಳು ಕಲಸಿಹೋಗಿ ಇಡೀ ಚಿತ್ರ ಮಂಜಾಗುತ್ತದೆ. ಬ್ರಷ್ ಇಲ್ಲ; ತಿದ್ದುವುದನ್ನು ಉಚಿತ ಚಿತ್ರ ತಂತ್ರಾಂಶವಾದ ಜಿಂಪ್‌ನಲ್ಲಿ ಲೇಯರ್ ಮಾಸ್ಕ್ ಹಾಕಿ ಮಾಡಿಕೊಳ್ಳಬೇಕು.

ತಂತ್ರಾಂಶದ ಮೇಲೆ ತಪ್ಪು ಹೊರಿಸುವ ಮುನ್ನ ಸೆನ್ಸರ್ ನೋಡಿ. ಅಲೈನ್ ಮಾಡುವಾಗ ಪ್ರತಿ ಫ್ರೇಮೂ ಸ್ವಲ್ಪ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ, ಆದ್ದರಿಂದ ಒಂದೇ ಧೂಳಿನ ಚುಕ್ಕೆ ಮುಗಿದ ಚಿತ್ರದಲ್ಲಿ ಗೆರೆಯಾಗಿ ಎಳೆದುಕೊಳ್ಳುತ್ತದೆ. ಎಲ್ಲ ಗೆರೆಗಳೂ ಚಿತ್ರದ ನಡುವಿನಿಂದ ಹೊರಕ್ಕೆ ಚಾಚಿದ್ದರೆ ಅದು ಧೂಳು ಅಥವಾ ಹಾಟ್ ಪಿಕ್ಸೆಲ್ಲೇ (ಸೆನ್ಸರಿನಲ್ಲಿ ಸದಾ ಬೆಳಗುವ ಕೆಟ್ಟ ಪಿಕ್ಸೆಲ್).

ಜೆರೀನ್, ಹೆಲಿಕಾನ್ ಎರಡಕ್ಕೂ 30 ದಿನದ ಉಚಿತ ಪರೀಕ್ಷಾ ಅವಧಿಯಿದೆ. ಸ್ಟ್ಯಾಕ್‌ಗಳನ್ನೆಲ್ಲ ಮೊದಲೇ ತೆಗೆದು ಟಿಫ್ ಮಾಡಿಟ್ಟುಕೊಂಡು ಆಮೇಲೆ ಇನ್‌ಸ್ಟಾಲ್ ಮಾಡಿದರೆ ಆ ದಿನಗಳು ಪೂರ್ತಿ ಹೋಲಿಕೆಗೆ ಸಿಗುತ್ತವೆ. ಸದ್ಯಕ್ಕೆ ಇರುವೆಗೆ ಜೆರೀನ್, ನಾಣ್ಯಕ್ಕೆ ಎನ್‌ಫ್ಯೂಸ್ ಎಂದು ನಿಂತಿದೆ. ನಾಣ್ಯದ ಸುತ್ತ ಟ್ರೇಸಿಂಗ್ ಪೇಪರಿನ ಕೊಳವೆ ನಿಲ್ಲಿಸಿ ಹೊಳಪನ್ನು ತಗ್ಗಿಸಿದ ಮೇಲೆ, ಅದೇ 20 ಫ್ರೇಮುಗಳನ್ನು ಡಿಮ್ಯಾಪ್ ಮತ್ತು ಹೆಲಿಕಾನ್ ಬಿ ಎರಡರಲ್ಲೂ ಮತ್ತೆ ಹಾಯಿಸಿ, ಎನ್‌ಫ್ಯೂಸ್ ಚಿತ್ರದ ಪಕ್ಕ 100% ಅಳತೆಯಲ್ಲಿ ಇಟ್ಟು ನೋಡುವುದು ಬಾಕಿ.