ಔಷಧಿ ಹೊಡೆಯುವ ಮುನ್ನ ತಿಳಿಸಬೇಕಾದ ನಾಲ್ಕು ಮಾತು

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹೊಲಗಳಲ್ಲಿ ಟೊಮೆಟೊ ತಾಕಿಗೂ ಹಿಪ್ಪುನೇರಳೆ ತೋಟಕ್ಕೂ ನಡುವೆ ಎಷ್ಟೋ ಕಡೆ ಒಂದು ಬದು ಮಾತ್ರ ಇರುತ್ತದೆ. ಟೊಮೆಟೊ ಬೆಳೆದವರು ಕಾಯಿಕೊರಕಕ್ಕೆ ಔಷಧಿ ಹೊಡೆಯದೆ ಬೆಳೆ ಉಳಿಸಿಕೊಳ್ಳುವುದು ಕಷ್ಟ. ಆದರೆ ಕಾಯಿಕೊರಕವೂ ರೇಷ್ಮೆ ಹುಳುವೂ ಪತಂಗದ ಮರಿಗಳೇ ಆದ್ದರಿಂದ, ಕ್ಲೋರಾಂಟ್ರಾನಿಲಿಪ್ರೋಲ್‌ನಂಥ ಔಷಧಿ ಒಂದನ್ನು ಕೊಂದು ಇನ್ನೊಂದನ್ನು ಬಿಡುವುದಿಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆ ಹುಳು ತನ್ನ ಜೀವಮಾನದ ಬಹುಪಾಲು ಸೊಪ್ಪನ್ನು ಮೇಯುವುದು ಆ ಕೊನೆಯ ಹಂತದಲ್ಲಿಯೇ. ಅಷ್ಟರಲ್ಲಿ ಕೂಲಿ, ಚಾಕಿ (ಎಳೆ ಹುಳುಗಳ ಸಾಕಣೆ), ಸೊಪ್ಪು ಬೆಳೆಸಿದ ಖರ್ಚೆಲ್ಲ ಆಗಿಹೋಗಿರುತ್ತದೆ. ಗಾಳಿಯಲ್ಲಿ ಬಂದ ತುಂತುರು ಕೂತ ಸೊಪ್ಪನ್ನು ಆಗ ಹಾಕಿದರೆ ಹುಳುಗಳು ತಲೆ ಎತ್ತಿ ಹೊರಳಾಡಿ, ಬಾಯಿಂದ ಹಸಿರು ನೀರು ಕಾರಿ, ಸುರುಟಿಕೊಂಡು ಸಾಯುತ್ತವೆ.

ಜೇನಿನ ಪಾಡೂ ಇದೇ. ಪೆಟ್ಟಿಗೆಯ ಬಾಗಿಲ ಮುಂದೆ ನಾಲಿಗೆ ಹೊರಚಾಚಿ ರಾಶಿಯಾಗಿ ಬಿದ್ದ ನೊಣಗಳನ್ನು ಕಂಡಾಗ ಆಗುವ ಸಂಕಟವನ್ನು ಜೇನು ಸಾಕಿದವರು ಮರೆಯುವುದಿಲ್ಲ. ಹಿಂದಿನ ಸಂಜೆಯೇ ಸುದ್ದಿ ಮುಟ್ಟಿದ್ದರೆ ನೊಣಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಯನ್ನು ಬೇರೆಡೆಗೆ ಸಾಗಿಸಬಹುದು, ಇಲ್ಲವೇ ಗಾಳಿಯಾಡುವಂತೆ ಜಾಲರಿ ಕಟ್ಟಿ ಕೆಲವು ಗಂಟೆ ಮುಚ್ಚಿಡಬಹುದು. ಆದರೆ ಮರದ ಕೊಂಬೆಯ ಹೆಜ್ಜೇನಿಗೆ ಯಾವ ಬಾಗಿಲೂ ಇಲ್ಲ. ಅದನ್ನು ಕಾಯಬೇಕಾದರೆ ಹೂವಿರುವ ಬೆಳೆಗೆ ಔಷಧಿ ಹೊಡೆಯದಿರಬೇಕು. ಹೊಡೆಯಲೇಬೇಕಾದರೆ ನೊಣಗಳ ಓಡಾಟ ನಿಂತ ಸಂಜೆಯ ಹೊತ್ತಿನಲ್ಲಿ, ಬೇಗ ವಿಷ ಕಳೆದುಕೊಳ್ಳುವ ಔಷಧಿಯನ್ನು ಆರಿಸಿಕೊಂಡು ಹೊಡೆಯಬೇಕು.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನಂಬಿ ಕೂರುವುದು ಇಲ್ಲಿ ನೆರವಾಗದು. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಆ ವಿಷ ಮನುಷ್ಯನಿಗೆ ಎಷ್ಟು ಅಪಾಯಕಾರಿ ಎಂಬುದನ್ನು ಸೂಚಿಸುತ್ತವೆಯೇ ಹೊರತು ಜೇನಿಗೆ ಎಷ್ಟು ಎಂಬುದನ್ನಲ್ಲ. ನೀಲಿ ತ್ರಿಕೋನದ ಥಯಾಮೆಥಾಕ್ಸಾಮ್ ಎಂಬ ಕೀಟನಾಶಕ ಜೇನುನೊಣಕ್ಕೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ.

ಅಮೆರಿಕದ ಇಂಡಿಯಾನಾದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯವು 2008ರಲ್ಲಿ ಡ್ರಿಫ್ಟ್‌ವಾಚ್ ಎಂಬ ನಕ್ಷೆಯನ್ನು ಆರಂಭಿಸಿತು. ಜೇನು ಸಾಕುವವರೂ ತರಕಾರಿ, ದ್ರಾಕ್ಷಿಯಂಥ ಸೂಕ್ಷ್ಮ ಬೆಳೆಯವರೂ ತಮ್ಮ ಜಾಗವನ್ನು ಸ್ವಇಚ್ಛೆಯಿಂದ ಅದರಲ್ಲಿ ಗುರುತಿಸುತ್ತಾರೆ. ಔಷಧಿ ಹೊಡೆಯುವವರು ಕೆಲಸಕ್ಕೆ ಮುನ್ನ ಅದನ್ನು ನೋಡಿಕೊಳ್ಳುತ್ತಾರೆ. ಅಲ್ಲಿನ ಹೊಲಗಳ ವಿಸ್ತಾರಕ್ಕೆ ನಕ್ಷೆ ಬೇಕು. ನಮ್ಮ ತುಂಡು ಹಿಡುವಳಿಗಳಲ್ಲಿ ಒಂದು ಫೋನ್ ಕರೆ ಸಾಕಾಗುತ್ತದೆ, ಆದರೆ ಅದು ಸರಿಯಾದವರಿಗೆ ಹೋಗಬೇಕು. ಜಮೀನಿನ ಯಜಮಾನರಿಗೆ ಹೇಳಿ ಬಂದರೆ ಎಷ್ಟೋ ಸಲ ಮಾತು ಅಲ್ಲಿಯೇ ನಿಲ್ಲುತ್ತದೆ, ಏಕೆಂದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನಲ್ಲಿ ನಡೆಯುವವರು ಕೂಲಿಗೆ ಬಂದವರು. ಪಕ್ಕದಲ್ಲಿ ಹಿಪ್ಪುನೇರಳೆ ಇದೆ, ಆಚೆ ಜೇನು ಪೆಟ್ಟಿಗೆ ಇದೆ ಎಂದು ಅವರಿಗೆ ತಿಳಿದರೆ ಗಾಳಿ ಆ ಕಡೆಗೆ ತಿರುಗಿದಾಗ ಅವರೇ ನಿಲ್ಲಿಸಿಯಾರು. ಯಾವ ಔಷಧಿ, ಯಾವ ದಿನ, ಯಾವ ಹೊತ್ತು, ಯಾವ ತಾಕು ಎಂಬ ನಾಲ್ಕು ವಿಷಯ ನೆರೆಯವರಿಗೆ ಹಿಂದಿನ ದಿನವೇ ಮುಟ್ಟಬೇಕು. ಹೂವಿನ ಕಾಲಕ್ಕೆ ಬೇರೆ ಊರಿನಿಂದ ಪೆಟ್ಟಿಗೆ ತಂದಿಡುವವರು ಸಹ ತಮ್ಮ ಫೋನ್ ನಂಬರನ್ನು ಪೆಟ್ಟಿಗೆಯ ಮೇಲೆ ಬರೆದು, ಊರಿನ ಔಷಧಿ ಅಂಗಡಿಯಲ್ಲಿಯೂ ಕೊಟ್ಟಿರಬೇಕು.

ಈಗ ಡ್ರೋನ್ ಕೂಡ ಬಂದಿದೆ. ಅದನ್ನು ಹಾರಿಸುವವರು ಹೊರಗಿನವರಾದರೆ ಅಕ್ಕಪಕ್ಕದ ಬೆಳೆಯ ಪರಿಚಯ ಅವರಿಗಿರುವುದಿಲ್ಲ. ಆದ್ದರಿಂದ ಬಾಡಿಗೆ ಮಾತಾಡುವಾಗಲೇ ನಾಲ್ಕೂ ದಿಕ್ಕಿನ ಬದುವಿನಾಚೆ ಏನಿದೆ ಎಂದು ಕೇಳಿ ಬರೆದುಕೊಳ್ಳುವುದನ್ನು ಅವರು ರೂಢಿ ಮಾಡಿಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.